ಜಗ್ಗಿದರೆ ಒಂದು, ಒತ್ತಿದರೆ ಇನ್ನೊಂದು: ಒಂದೇ ಹರಳಿನ ಬ್ಲೇಡಿನ ಕಥೆ

ಈ ವಾರದ ಸಂಚಿಕೆ ಬೆಳಗಾವಿಯ ಕ್ಯಾಂಪ್‌ನಿಂದ. ಕಂಟೋನ್ಮೆಂಟಿನ ಹಳೇ ಮರಗಳ ಕೆಳಗೆ ಕೂತು ಮಾತಾಡ್ತಾ ಇದೀನಿ, ಹೀಗಾಗಿ ಹಿಂದೆ ಕಾಗೆ, ಬೈಕು, ಶಾಲೆ ಬಿಟ್ಟ ಮಕ್ಕಳು ಎಲ್ಲಾ ಕೇಳಿಸಬಹುದು, ಹೊಟ್ಟೆಗೆ ಹಾಕ್ಕೊಳ್ರಿ. ಈಗ ಮೇಲೆ ಒಂದು ದೊಡ್ಡ ಸದ್ದು ಹೋಯ್ತಲ್ಲ, ಅದು ಸಾಂಬ್ರಾ ಕಡೆ ಹೊರಟ ಜೆಟ್ ವಿಮಾನ. ಇವತ್ತಿನ ಕಥೆ ಆ ಸದ್ದಿನ ಒಳಗಿದೆ.

ಕಥೆ ನನಗೆ ಶುರುವಾಗಿದ್ದು 2021ರ ಏಪ್ರಿಲ್ ಕೊನೆಯಲ್ಲಿ. ಕೋವಿಡ್ ಎರಡನೇ ಅಲೆ, ಎಲ್ಲರೂ ಮನೆಯಲ್ಲೇ. ಫೋನಿಗೆ ಒಂದು ಸಣ್ಣ ಸುದ್ದಿ ಬಂತು. ಹೈದರಾಬಾದಿನಲ್ಲಿರೋ ಡಿಆರ್‌ಡಿಒದ ಲೋಹ ಪ್ರಯೋಗಾಲಯ, ಡಿಎಂಆರ್‌ಎಲ್, ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಸಿಂಗಲ್ ಕ್ರಿಸ್ಟಲ್ ಟರ್ಬೈನ್ ಬ್ಲೇಡ್‌ಗಳನ್ನ ಎಚ್‌ಎಎಲ್‌ಗೆ ಕೊಟ್ಟಿದೆ ಅಂತ. ಒಟ್ಟು ಐದು ಸೆಟ್, ಅಂದ್ರೆ 300 ಬ್ಲೇಡ್ ಮಾಡೋ ಯೋಜನೆಯ ಭಾಗ ಅದು. ಇಡೀ ಬ್ಲೇಡ್ ನಿಕಲ್ ಮಿಶ್ರಲೋಹದ ಒಂದೇ ಒಂದು ಹರಳು. ನಾನು ಖುಷಿಯಾಗಿ ಓಡಿಹೋಗಿ ನಮ್ಮ ಕಾಕಾಗೆ ಓದಿ ಹೇಳಿದೆ.

ಕಾಕಾ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ಮೋಲ್ಡರ್ ಆಗಿದ್ದವರು. ಪೂರ್ತಿ ಕೇಳಿಸಿಕೊಂಡು, ಚಹಾದ ಕಪ್ ಕೆಳಗಿಟ್ಟು, ಒಂದೇ ಮಾತು ಕೇಳಿದರು: "ಜಗ್ಗಿದ್ರ ಎಷ್ಟಕ್ಕ ಸೋಲ್ತೈತಿ? ಒತ್ತಿದ್ರ ಎಷ್ಟಕ್ಕ?"

ನಾನು ಎಂಜಿನಿಯರಿಂಗ್ ಓದಿದವನು. ಸ್ವಲ್ಪ ಗತ್ತಿನಿಂದಲೇ ಹೇಳಿದೆ: "ಎರಡೂ ಒಂದೇ ಕಾಕಾ. ಇದೇನು ಬೀಡಲ್ಲ."

ತಪ್ಪು ಹೇಳಿದ್ದೆ. ಎಷ್ಟು ತಪ್ಪು ಅಂತ ಗೊತ್ತಾಗೋಕೆ ಬಹಳ ದಿನ ಹಿಡೀತು. ಆ ತಪ್ಪಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದೇ ಈ ಸಂಚಿಕೆ.

ಮೊದಲು ಕಾಕಾ ಯಾಕೆ ಹಾಗೆ ಕೇಳಿದರು ನೋಡೋಣ. ಕ್ಯಾಂಪ್‌ನಿಂದ ಖಾನಾಪುರ ರಸ್ತೆ ಹಿಡೀರಿ. ಟಿಳಕವಾಡಿ, ಮೂರನೇ ರೈಲ್ವೆ ಗೇಟು, ಆಮೇಲೆ ಉದ್ಯಮಬಾಗ. ಪಂಪು, ವಾಲ್ವು, ಗಾಡಿ ಭಾಗಗಳಿಗೆ ಎರಕ ಹೊಯ್ಯೋ ಫೌಂಡ್ರಿಗಳ ಸಾಲು. ಈ ಊರಿಗೂ ಬೀಡಿಗೂ, ಅಂದ್ರೆ ಎರಕದ ಕಬ್ಬಿಣಕ್ಕೂ, ನೂರು ವರ್ಷಕ್ಕೂ ಮೀರಿದ ನಂಟು. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಮೇವು ಕತ್ತರಿಸೋ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಏರುತ್ತೆ ಅಂತ ರೈತರು ಆ ನೇಗಿಲನ್ನ ಮುಟ್ಟಲಿಲ್ಲ, ಮೊದಲ ನೇಗಿಲುಗಳು ಮಾರಾಟವಾಗೋಕೆ ವರ್ಷಗಳೇ ಹಿಡಿದವು. ಊರು ಬೆಳೆಸಲು ಜಾಗ ಬೇಕು ಅಂತ ಪುರಸಭೆ ಕಾರ್ಖಾನೆಯನ್ನ ಎಬ್ಬಿಸಿತು. 1910ರಲ್ಲಿ ಅವರು ಔಂಧ್ ಸಂಸ್ಥಾನದ ರಾಜ ಕೊಟ್ಟ ಜಾಗಕ್ಕೆ ಹೋದರು, ಅದೇ ಇವತ್ತಿನ ಕಿರ್ಲೋಸ್ಕರ್‌ವಾಡಿ. ಬೆಳಗಾವಿಗೆ ಉಳಿದದ್ದು ಕಿರ್ಲೋಸ್ಕರ್ ರಸ್ತೆ ಅನ್ನೋ ಹೆಸರು. ಅದು ಬೇರೆಯೇ ಸಂಚಿಕೆ ಆಗಬೇಕಾದ ಕಥೆ, ಇರಲಿ.

ಬೀಡಿನ ಸ್ವಭಾವ ಏನಂದ್ರೆ, ಒತ್ತಿದರೆ ತಡೀತದೆ, ಜಗ್ಗಿದರೆ ಮುರೀತದೆ. ಫೌಂಡ್ರಿ ಭಾಷೆಯಲ್ಲಿ ಎಫ್‌ಜಿ 200 ಅಂದ್ರೆ ಚದರ ಮಿಲಿಮೀಟರಿಗೆ 200 ನ್ಯೂಟನ್ ಜಗ್ಗು ತಡೆಯೋ ಬೀಡು. ಅದೇ ಬೀಡು ಒತ್ತಡವನ್ನ ಮೂರು ನಾಲ್ಕು ಪಟ್ಟು ತಡೀತದೆ. ಕಾರಣ ಸರಳ. ಬೂದು ಬೀಡಿನ ಒಳಗೆ ಗ್ರ್ಯಾಫೈಟಿನ ತೆಳು ಪದರಗಳು ಚದುರಿಕೊಂಡಿರ್ತವೆ. ಜಗ್ಗಿದಾಗ ಒಂದೊಂದು ಪದರವೂ ಬಿರುಕಿನ ಹಾಗೆ ಬಾಯಿ ಬಿಡ್ತದೆ. ಒತ್ತಿದಾಗ ಅದೇ ಬಾಯಿ ಮುಚ್ಚಿಕೊಳ್ತದೆ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಖಾನಾಪುರ, ಮಣ್ಣಿನ ಊರು. ಗ್ರಾಮೀಣ ಕುಂಬಾರಿಕೆಗೆ ಅಂತಲೇ ಕೇಂದ್ರ ಸಂಸ್ಥೆಯೊಂದು ಅಲ್ಲಿದೆ. ಸುಟ್ಟ ಮಣ್ಣಿನದೂ ಅದೇ ಸ್ವಭಾವ. ಇಟ್ಟಿಗೆ ಮೇಲೆ ಮನೆ ಕಟ್ಟಬಹುದು, ಇಟ್ಟಿಗೆಯನ್ನ ಹಗ್ಗದ ಹಾಗೆ ಜಗ್ಗೋಕೆ ಆಗಲ್ಲ.

ಹೀಗಾಗಿ ಈ ರಸ್ತೆಯಲ್ಲಿ ದುಡಿದ ಯಾರಿಗಾದರೂ ಜಗ್ಗೋ ಲೆಕ್ಕ ಬೇರೆ, ಒತ್ತೋ ಲೆಕ್ಕ ಬೇರೆ ಅನ್ನೋದು ಕೈಗೇ ಗೊತ್ತು. ನಮ್ಮಂಥವರು ಅದೇ ರಸ್ತೆಯ ಮಚ್ಛೆಯಲ್ಲಿರೋ ವಿಟಿಯು ಸಿಲೆಬಸ್ ಓದಿ ಬರ್ತೀವಿ. ಲ್ಯಾಬಿನಲ್ಲಿ ಉಕ್ಕಿನ ಸರಳನ್ನ ಜಗ್ಗಿ ಗ್ರಾಫ್ ಬರೀತೀವಿ, ಒತ್ತಿದರೂ ಇಷ್ಟೇ ಅಂದ್ಕೊಂಡು ಮುಂದೆ ಹೋಗ್ತೀವಿ. ಉಕ್ಕಿಗೆ ಆ ಅಂದಾಜು ಬಹುಮಟ್ಟಿಗೆ ನಡೀತದೆ. ಆ ಅಂದಾಜಿಗೆ ಒಂದು ಇತಿಹಾಸವೂ ಇದೆ.

1920ರ ದಶಕದಲ್ಲಿ ಯುರೋಪಿನಲ್ಲಿ ಲೋಹದ ಒಂಟಿ ಹರಳುಗಳನ್ನ ಬೆಳೆಸಿ ಜಗ್ಗಿ ನೋಡೋ ಹುಚ್ಚು ಹತ್ತಿತ್ತು. ಹರಳು ಅಂದ್ರೆ ಕಲ್ಲುಸಕ್ಕರೆ ನೆನಪು ಮಾಡ್ಕೊಳ್ರಿ. ಒಂದು ತುಂಡು ಕಲ್ಲುಸಕ್ಕರೆ ಒಂದೇ ಹರಳು. ನಮ್ಮ ಕುಂದಾ ಹಾಗಲ್ಲ, ಸಾವಿರ ಕಣ ಒಂದಕ್ಕೊಂದು ಅಂಟಿದ ಮುದ್ದೆ. ನಾವು ದಿನಾ ನೋಡೋ ಲೋಹ ಎಲ್ಲಾ ಕುಂದಾ ಜಾತಿಯದು. ನಂಬಿಕೆ ಬರದಿದ್ರೆ ತಗಡಿನ ಬಕೆಟ್ ಮೇಲಿನ ಸತುವಿನ ಲೇಪ ನೋಡ್ರಿ, ಹೂವಿನ ಹಾಗೆ ಮಚ್ಚೆ ಮಚ್ಚೆ ಕಾಣಿಸ್ತದಲ್ಲ, ಒಂದೊಂದು ಮಚ್ಚೆಯೂ ಒಂದೊಂದು ಹರಳು. 1924ರಲ್ಲಿ ಎರಿಕ್ ಶ್ಮಿಡ್ ಅನ್ನೋ ಆಸ್ಟ್ರಿಯಾದ ವಿಜ್ಞಾನಿ ಒಂದು ನಿಯಮ ಮುಂದಿಟ್ಟರು. ಹರಳಿನೊಳಗೆ ಪರಮಾಣುಗಳ ಪದರಗಳು ಇಸ್ಪೀಟ್ ಎಲೆಗಳ ಹಾಗೆ ಒಂದರ ಮೇಲೊಂದು ಜಾರ್ತವೆ. ಜಾರೋ ದಿಕ್ಕಿಗೆ ಎಷ್ಟು ಬಲ ಬೀಳುತ್ತೆ ಅನ್ನೋದಷ್ಟೇ ಮುಖ್ಯ. ಆ ಬಲ ಒಂದು ಮಿತಿ ಮುಟ್ಟಿದ ಕ್ಷಣ ಜಾರಿಕೆ ಶುರು. ಬಲ ಜಗ್ಗಿ ಬಂತೋ ಒತ್ತಿ ಬಂತೋ, ನಿಯಮಕ್ಕೆ ಲೆಕ್ಕವಿಲ್ಲ.

ಹತ್ತು ವರ್ಷದ ನಂತರ, 1934ರಲ್ಲಿ, ಟೇಲರ್, ಒರೊವಾನ್, ಪೊಲಾನಿ ಮೂವರೂ ಬೇರೆ ಬೇರೆಯಾಗಿ ಇನ್ನೊಂದು ಮಾತು ಹೇಳಿದರು. ಇಡೀ ಪದರ ಒಮ್ಮೆಲೇ ಜಾರಲ್ಲ. ದೊಡ್ಡ ಜಮಖಾನ ಹಾಸಿದ್ದೀರಿ, ಒಂದು ಗೇಣು ಸರಿಸಬೇಕು. ಪೂರ್ತಿ ಎಳೆದರೆ ಕಷ್ಟ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನ ಕಾಲಿನಿಂದ ತಳ್ಳಿಕೊಂಡು ಹೋದರೆ ಸುಲಭ. ಹರಳಿನೊಳಗೂ ಅಂಥ ಸುಕ್ಕುಗಳಿವೆ, ಅವಕ್ಕೆ ಡಿಸ್‌ಲೊಕೇಶನ್ ಅಂತ ಹೆಸರು. ಲೋಹ ಬಾಗೋದು, ಉದ್ದವಾಗೋದು, ಚಪ್ಪಟೆಯಾಗೋದು ಎಲ್ಲಾ ಈ ಸುಕ್ಕುಗಳ ಓಡಾಟ. ಸುಕ್ಕು ಓಡಿದರೆ ಲೋಹ ಮೆತ್ತಗೆ, ಸುಕ್ಕು ಸಿಕ್ಕಿಬಿದ್ದರೆ ಲೋಹ ಗಟ್ಟಿ. ಈ ಒಂದು ವಾಕ್ಯ ನೆನಪಿಟ್ಕೊಳ್ರಿ, ಆಮೇಲೆ ಬೇಕಾಗ್ತದೆ.

ಈಗ ಜೆಟ್ ಎಂಜಿನ್ನಿಗೆ ಬರೋಣ. 1941ರ ಮೇ 15ರಂದು ಫ್ರಾಂಕ್ ವಿಟ್ಲ್ ಅವರ ಎಂಜಿನ್ ಹೊತ್ತ ಬ್ರಿಟನ್ನಿನ ಮೊದಲ ಜೆಟ್ ಹಾರಿತು. ಅಲ್ಲಿಂದ ಮುಂದೆ ಎಂಜಿನಿಯರುಗಳ ಪಾಡು ಒಂದೇ: ಎಂಜಿನ್ ಎಷ್ಟು ಬಿಸಿ ಓಡ್ತದೋ ಅಷ್ಟು ಕಸುವು, ಆದರೆ ಬಿಸಿಗೆ ಬ್ಲೇಡು ಸೋಲ್ತದೆ. ಇವತ್ತಿನ ಎಂಜಿನ್ನಿನಲ್ಲಿ ಮೊದಲ ಸಾಲಿನ ಬ್ಲೇಡಿಗೆ ಬಡಿಯೋ ಗಾಳಿ 1500 ಡಿಗ್ರಿ ಸೆಲ್ಸಿಯಸ್ ದಾಟಿರ್ತದೆ. ಬ್ಲೇಡಿನ ಲೋಹ ಕರಗೋದು 1300, 1350ರ ಹತ್ತಿರ. ತನ್ನ ಕರಗೋ ಬಿಂದುವಿಗಿಂತ ಬಿಸಿಯಾದ ಗಾಳಿಯಲ್ಲಿ ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತು ಹೊಡೀಬೇಕು! ಒಳಗೆ ಕೊರೆದ ಸಣ್ಣ ದಾರಿಗಳಲ್ಲಿ ತಂಪು ಗಾಳಿ ಹರಿಯೋದ್ರಿಂದ, ಮೇಲೆ ಸೆರಾಮಿಕ್ ಲೇಪ ಇರೋದ್ರಿಂದ ಅದು ಬದುಕಿದೆ. ತಿರುಗೋ ರಭಸಕ್ಕೆ ಒಂದೊಂದು ಬ್ಲೇಡಿನ ಮೇಲೆ ಬೀಳೋ ಜಗ್ಗು ದೊಡ್ಡ ಎಂಜಿನ್ನುಗಳಲ್ಲಿ ಎಷ್ಟಂದ್ರೆ, ಅಂಗೈಯಷ್ಟು ಲೋಹದ ತುದಿಗೆ ನಮ್ಮ ವಾಯವ್ಯ ಸಾರಿಗೆಯ ಬಸ್ಸು ನೇತುಹಾಕಿದ ಹಾಗೆ.

ಬಿಸಿಯಲ್ಲಿ ಲೋಹ ಮೊದಲು ಸೋಲೋದು ಹರಳು ಹರಳಿನ ನಡುವಿನ ಗೆರೆಯಲ್ಲಿ. ಕುಂದಾ ಕಣಗಳು ಬಿಡೋದೂ ಅಲ್ಲೇ ತಾನೇ. ಅಮೆರಿಕದಲ್ಲಿ ಫ್ರಾಂಕ್ ವರ್‌ಸ್ನೈಡರ್ ಮತ್ತು ಅವರ ಜೊತೆಗಾರರು 1960ರ ಹೊತ್ತಿಗೆ ಯೋಚಿಸಿದ್ದು ಇದನ್ನೇ: ಜಗ್ಗೋ ದಿಕ್ಕಿಗೆ ಅಡ್ಡ ಬರೋ ಗೆರೆಗಳನ್ನ ತೆಗೆದುಬಿಟ್ರೆ? ಮೊದಲು ಕಬ್ಬಿನ ಜಲ್ಲೆಗಳ ಹಾಗೆ ಉದ್ದುದ್ದ ಹರಳುಗಳ ಬ್ಲೇಡ್ ಮಾಡಿದರು. ಆಮೇಲೆ ಪ್ರಾಟ್ ಅಂಡ್ ವಿಟ್ನಿ ಕಂಪನಿಯಲ್ಲಿ ಎಲ್ಲಾ ಗೆರೆ ಅಳಿಸಿ, ಇಡೀ ಬ್ಲೇಡೇ ಒಂದು ಹರಳು ಮಾಡಿದರು. 1980ರ ದಶಕದ ಶುರುವಿನಲ್ಲಿ ಅವು ಪ್ರಯಾಣಿಕರ ವಿಮಾನಕ್ಕೂ ಬಂದವು.

ಇದನ್ನ ಎರಕ ಹೊಯ್ಯೋ ಬಗೆ ಕೇಳಿದಾಗ ಕಾಕಾ ಎದ್ದು ಕೂತರು. ಮೇಣದಲ್ಲಿ ಬ್ಲೇಡಿನ ಆಕಾರ ಮಾಡ್ತಾರೆ. ಅದನ್ನ ಸೆರಾಮಿಕ್ ರಾಡಿಯಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸ್ತಾರೆ, ಚಿಪ್ಪು ಕಟ್ತದೆ. ಮೇಣ ಕರಗಿಸಿ ತೆಗೆದು, ಚಿಪ್ಪು ಸುಟ್ಟು, ಗಾಳಿಯಿಲ್ಲದ ಕುಲುಮೆಯೊಳಗೆ ಕರಗಿದ ಲೋಹ ಹೊಯ್ತಾರೆ. ಖಾನಾಪುರವೂ ಉದ್ಯಮಬಾಗವೂ ಒಂದೇ ಕೋಣೆಯಲ್ಲಿ! ಇಲ್ಲಿಯವರೆಗೆ ಹಳೇ ವಿದ್ಯೆಯೇ. ಹೊಸದು ಮುಂದಿದೆ. ಅಚ್ಚಿನ ತಳ ತಂಪು, ಸುತ್ತ ಬಿಸಿ. ಅಚ್ಚನ್ನ ನಿಮಿಷಕ್ಕೆ ಕೆಲವೇ ಮಿಲಿಮೀಟರ್ ಲೆಕ್ಕದಲ್ಲಿ ಕುಲುಮೆಯಿಂದ ಕೆಳಗಿಳಿಸ್ತಾರೆ. ತಳದಲ್ಲಿ ನೂರಾರು ಹರಳು ಹುಟ್ಟಿ ಮೇಲೇರ್ತವೆ. ದಾರಿಯಲ್ಲಿ ಒಂದು ಕಿರಿದಾದ ಸುರುಳಿ ಇಟ್ಟಿರ್ತಾರೆ, ಹಂದಿ ಬಾಲದ ಆಕಾರದ್ದು, ಅದಕ್ಕೆ ಪಿಗ್‌ಟೇಲ್ ಅಂತಲೇ ಹೆಸರು. ಆ ಸುರುಳಿ ದಾಟೋದು ಒಂದೇ ಹರಳು. ಆಮೇಲೆ ಇಡೀ ಬ್ಲೇಡು ಆ ಒಂದು ಹರಳಿನದೇ ಬೆಳವಣಿಗೆ. "ನಾವು ಎರಕಾ ಹೊಯ್ದು ಮುಗಿಸ್ತಿದ್ವಿ, ಅವರು ಬೆಳೀ ತಗೀತಾರಲ್ಲೋ" ಅಂದರು ಕಾಕಾ.

ಸರಿ, ಈ ಹರಳಿನ ಒಳಗೆ ಹೋಗೋಣ. ಇಲ್ಲಿ ಸ್ವಲ್ಪ ನಿಧಾನ, ಯಾಕಂದ್ರೆ ನನ್ನ ತಪ್ಪು ಇಲ್ಲೇ ಇತ್ತು.

ಹರಳು ಒಂದೇ ಆದರೂ ಒಳಗಿನ ಮಾಲು ಎರಡು. ಇಟ್ಟಿಗೆ ಗೋಡೆ ಕಲ್ಪಿಸ್ಕೊಳ್ರಿ. ಇಟ್ಟಿಗೆ ಅಂದ್ರೆ ಗಾಮಾ ಪ್ರೈಮ್, ಮೂರು ನಿಕಲ್ಲಿಗೆ ಒಂದು ಅಲ್ಯೂಮಿನಿಯಂ ಲೆಕ್ಕದ ಸಂಯುಕ್ತ. ಗಾರೆ ಅಂದ್ರೆ ಗಾಮಾ, ಹೆಚ್ಚಾಗಿ ನಿಕಲ್. ಇಟ್ಟಿಗೆ ಒಂದೊಂದೂ ಅರ್ಧ ಮೈಕ್ರಾನಿನ ಆಸುಪಾಸು. ಗೋಡೆಯಲ್ಲಿ ಮೂರನೇ ಎರಡು ಪಾಲು ಇಟ್ಟಿಗೆಯೇ. ಬಲದ ಗುಟ್ಟು ಇರೋದು ಈ ಇಟ್ಟಿಗೆಯಲ್ಲಿ.

1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ವೆಸ್ಟ್‌ಬ್ರೂಕ್ ಈ ಸಂಯುಕ್ತದ ಗಡಸುತನ ಅಳೆದು ವಿಚಿತ್ರ ಕಂಡರು. ಲೋಹ ಬಿಸಿಯಾದರೆ ಮೆತ್ತಗಾಗಬೇಕು, ಇದು ಗಟ್ಟಿಯಾಗ್ತಿತ್ತು! ಬಿಸಿ ಏರಿದಷ್ಟೂ ಬಲ ಏರ್ತದೆ, 700, 800 ಡಿಗ್ರಿಯ ಸುಮಾರಿಗೆ ತುದಿ ಮುಟ್ಟಿ ಆಮೇಲೆ ಇಳೀತದೆ. ಯಾಕೆ? 1962ರಲ್ಲಿ ಕಿಯರ್ ಮತ್ತು ವಿಲ್ಸ್‌ಡಾರ್ಫ್ ಕಾರಣದ ಎಳೆ ಹಿಡಿದರು. ಈ ಸಂಯುಕ್ತದಲ್ಲಿ ನಿಕಲ್, ಅಲ್ಯೂಮಿನಿಯಂ ತಮ್ಮ ತಮ್ಮ ಜಾಗದಲ್ಲಿ ರಂಗೋಲಿ ಚುಕ್ಕಿಯ ಹಾಗೆ ಕೂತಿವೆ. ಒಂದು ಸುಕ್ಕು ಹಾದುಹೋದರೆ ರಂಗೋಲಿ ಕೆಡ್ತದೆ. ಹಿಂದೆಯೇ ಎರಡನೇ ಸುಕ್ಕು ಬಂದರೆ ಮತ್ತೆ ಸರಿಹೋಗ್ತದೆ. ಹೀಗಾಗಿ ಸುಕ್ಕುಗಳು ಜೋಡಿಯಾಗಿಯೇ ಓಡಾಡ್ತವೆ. ಬಿಸಿ ಸಿಕ್ಕಾಗ ಮುಂದಿನ ಸುಕ್ಕು ತನ್ನ ದಾರಿ ಬಿಟ್ಟು ಅಡ್ಡ ಸಮತಲಕ್ಕೆ ಹೊರಳ್ತದೆ, ಅಲ್ಲಿ ಕೆಟ್ಟ ರಂಗೋಲಿಗೆ ತೆರಬೇಕಾದ ದಂಡ ಕಡಿಮೆ. ಆದರೆ ಹೊರಳಿದ್ದೇ ಸಿಕ್ಕಿಬೀಳ್ತದೆ. ಬಿಸಿ ಹೆಚ್ಚಿದಷ್ಟೂ ಹೊರಳೋದು ಹೆಚ್ಚು, ಸಿಕ್ಕಿಬೀಳೋದು ಹೆಚ್ಚು. ಆಗಲೇ ಹೇಳಿದೆನಲ್ಲ, ಸುಕ್ಕು ಸಿಕ್ಕಿಬಿದ್ದರೆ ಲೋಹ ಗಟ್ಟಿ.

ಇಷ್ಟಾದ ಮೇಲೆ ಕಾಕಾನ ಪ್ರಶ್ನೆ ಪ್ರಯೋಗಾಲಯದ ಬಾಗಿಲಿಗೆ ಬಂತು. 1979ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲಾಲ್, ಚಿನ್, ಪೋಪ್ ಮೂವರು ಈ ಸಂಯುಕ್ತದ ಒಂಟಿ ಹರಳುಗಳನ್ನ ಬೇರೆ ಬೇರೆ ದಿಕ್ಕಿನಲ್ಲಿ ಪರೀಕ್ಷಿಸಿದರು. ಶ್ಮಿಡ್ ನಿಯಮ ಹೊಂದಲಿಲ್ಲ. 1982ರಲ್ಲಿ ಎಜ್, ಪೋಪ್, ಪೈದಾರ್ ಅದೇ ಹರಳನ್ನ ಜಗ್ಗಿಯೂ ನೋಡಿದರು, ಒತ್ತಿಯೂ ನೋಡಿದರು. ಎರಡು ಸಂಖ್ಯೆ ಬೇರೆ ಬೇರೆ ಬಂದವು. ಇನ್ನೂ ಸೋಜಿಗ ಅಂದ್ರೆ, ಯಾವುದು ಹೆಚ್ಚು ಅನ್ನೋದು ದಿಕ್ಕಿನ ಮೇಲೆ ಬದಲಾಗ್ತದೆ.

ಹರಳಿನ ಮೂಲ ಘಟಕ ಒಂದು ಘನ, ದಾಳದ ಹಾಗೆ. ದಾಳದ ಅಂಚಿನ ಗುಂಟ ಹಿಡಿದರೆ ಹರಳು ಜಗ್ಗಿನಲ್ಲಿ ಗಟ್ಟಿ, ಒತ್ತಡದಲ್ಲಿ ಮೆತ್ತಗೆ. ಬೀಡಿಗೆ ತಲೆಕೆಳಗು! ದಾಳದ ಮುಖದ ಕರ್ಣದ ಗುಂಟ ಹಿಡಿದರೆ ಮತ್ತೆ ಉಲ್ಟಾ, ಒತ್ತಡದಲ್ಲಿ ಗಟ್ಟಿ. ಅದೇ ಲೋಹ, ಅದೇ ಬಿಸಿ. ಸ್ವಲ್ಪ ಓರೆ ಹಿಡಿದರೆ ಸ್ವಭಾವವೇ ಬೇರೆ.

ಬೀಡಿನಲ್ಲಿ ಕಾರಣ ಬಿರುಕು. ಇಲ್ಲಿ ಬಿರುಕಿಲ್ಲ, ಮತ್ತೆ ಯಾಕೆ? 1984ರಲ್ಲಿ ಪೈದಾರ್, ಪೋಪ್, ವಿಟೆಕ್ ಕೊಟ್ಟ ವಿವರಣೆಯನ್ನ ನಮ್ಮ ಊರಿನ ಭಾಷೆಯಲ್ಲಿ ಹೇಳ್ತೀನಿ. ಜೋಡಿಯಲ್ಲಿರೋ ಒಂದೊಂದು ಸುಕ್ಕೂ ತಾನೇ ಎರಡು ಭಾಗವಾಗಿ ಅಗಲವಾಗಿ ಹರಡಿಕೊಂಡಿರ್ತದೆ. ಗಣೇಶನ ಹಬ್ಬದ ಗದ್ದಲದಲ್ಲಿ ಗಣಪತ್ ಗಲ್ಲಿಯಲ್ಲಿ ಇಬ್ಬರು ಕೈ ಕೈ ಹಿಡಿದು, ನಡುವೆ ಜಾಗ ಬಿಟ್ಟು ನಡೀತಾ ಇದ್ದಾರೆ ಅನ್ಕೊಳ್ರಿ. ಪಕ್ಕದ ಸಣ್ಣ ಸಂದಿಗೆ ಹೊರಳಬೇಕಾದ್ರೆ ಇಬ್ಬರೂ ಹತ್ತಿರ ಬಂದು ಕಿರಿದಾಗಬೇಕು. ಜನ ಆಚೀಚೆಯಿಂದ ಇಬ್ಬರನ್ನೂ ಒಳಕ್ಕೆ ಅದುಮಿದರೆ ಸಂದಿಗೆ ಹೊರಳೋದು ಸುಲಭ. ಜನ ಇಬ್ಬರ ನಡುವೆ ನುಗ್ಗಿ ದೂರ ಮಾಡಿದರೆ ಹೊರಳೋಕಾಗಲ್ಲ, ನೆಟ್ಟಗೆ ಮುಂದೆ ಹೋಗ್ತಾರೆ. ಹೊರಗಿನ ಬಲ ಆ ಜನಜಂಗುಳಿಯ ಕೆಲಸ ಮಾಡ್ತದೆ. ದಾಳದ ಅಂಚಿನ ಗುಂಟ ಜಗ್ಗಿದರೆ ಸುಕ್ಕಿನ ಎರಡು ಭಾಗ ಹತ್ತಿರ ಬರ್ತವೆ, ಹೊರಳ್ತವೆ, ಸಿಕ್ಕಿಬೀಳ್ತವೆ, ಲೋಹ ಗಟ್ಟಿ. ಅದೇ ದಿಕ್ಕಿನಲ್ಲಿ ಒತ್ತಿದರೆ ದೂರ ಹೋಗ್ತವೆ, ಸಲೀಸಾಗಿ ಓಡ್ತವೆ, ಲೋಹ ಮೆತ್ತಗೆ. ಶ್ಮಿಡ್ ಲೆಕ್ಕ ಹಾಕಿದ್ದು ಸುಕ್ಕನ್ನ ಮುಂದೆ ತಳ್ಳೋ ಬಲವನ್ನ ಮಾತ್ರ. ಸುಕ್ಕಿಗೂ ಒಂದು ಅಗಲ ಇದೆ, ಅದನ್ನ ಅದುಮೋ ಬಲವೂ ಲೆಕ್ಕಕ್ಕೆ ಬರ್ತದೆ ಅಂತ ಗೊತ್ತಾಗೋಕೆ ಅರವತ್ತು ವರ್ಷ ಬೇಕಾಯ್ತು.

ಇದು ಬರೀ ಇಟ್ಟಿಗೆಯ ಗುಣವೋ, ಇಡೀ ಗೋಡೆಯ ಗುಣವೋ? ಅದೇ 1984ರಲ್ಲಿ ಪ್ರಾಟ್ ಅಂಡ್ ವಿಟ್ನಿಯ ಶಾ ಮತ್ತು ಡೂಲ್, ನಿಜವಾದ ಬ್ಲೇಡಿಗೆ ಬಳಸೋ ಪಿಡಬ್ಲ್ಯುಎ 1480 ಅನ್ನೋ ಮಿಶ್ರಲೋಹದಲ್ಲಿ ಇದನ್ನೇ ತೋರಿಸಿದರು. ಅಂಚಿನ ಗುಂಟ ಜಗ್ಗಿನಲ್ಲಿ ಹೆಚ್ಚು ಬಲ, ಮುಖದ ಕರ್ಣದ ಗುಂಟ ಒತ್ತಡದಲ್ಲಿ ಹೆಚ್ಚು ಬಲ. 800 ಡಿಗ್ರಿಯ ಆಸುಪಾಸು ದಾಟಿದ ಮೇಲೆ ಈ ವ್ಯತ್ಯಾಸ ಕರಗ್ತಾ ಹೋಗ್ತದೆ.

ಹಾಗಾದರೆ ಒಳ್ಳೇದೇ ಆಯ್ತಲ್ಲ ಅಂತ ನಿಮಗನ್ನಿಸಬಹುದು. ಬ್ಲೇಡುಗಳನ್ನ ದಾಳದ ಅಂಚಿನ ಗುಂಟವೇ ಬೆಳೆಸ್ತಾರೆ, ತಿರುಗುವಾಗ ಬೀಳೋದು ಜಗ್ಗು, ಆ ದಿಕ್ಕಿನಲ್ಲಿ ಜಗ್ಗಿಗೆ ಹರಳು ಗಟ್ಟಿ. ನನಗೂ ಹಾಗೇ ಅನ್ನಿಸಿತ್ತು. ಆದರೆ ಎಂಜಿನ್ ಶುರುವಾಗೋ ಗಳಿಗೆ ಯೋಚಿಸ್ರಿ. ಬಿಸಿ ಗಾಳಿ ಮೊದಲು ಬ್ಲೇಡಿನ ತೆಳು ಅಂಚನ್ನ ಕಾಯಿಸ್ತದೆ. ಅಂಚು ಹಿಗ್ಗಬೇಕು ಅಂತದೆ, ಇನ್ನೂ ತಂಪಾಗಿರೋ ಮೈ ಬಿಡಲ್ಲ. ಅಂಚು ಒತ್ತಡಕ್ಕೆ ಸಿಕ್ಕಿಬೀಳ್ತದೆ. ಎಂಜಿನ್ ಆರಿಸಿದಾಗ ಅಂಚು ಮೊದಲು ತಣ್ಣಗಾಗ್ತದೆ, ಕುಗ್ಗೋಕೆ ನೋಡ್ತದೆ, ಆಗ ಜಗ್ಗು. ಒಂದೊಂದು ಹಾರಾಟಕ್ಕೂ ಒಂದು ಒತ್ತು, ಒಂದು ಜಗ್ಗು. ಬಿಸಿಯಲ್ಲಿ ಒತ್ತಡಕ್ಕೆ ಅಂಚು ಒಂಚೂರು ಸೋತು ಮೊಟಕಾಯ್ತು ಅಂದ್ರೆ, ತಣಿದಾಗ ಜಗ್ಗು ಇನ್ನಷ್ಟು ಹೆಚ್ಚು. ಬಿರುಕು ಹುಟ್ಟೋದು ಹೀಗೆ. ವಿನ್ಯಾಸ ಮಾಡೋನು ನನ್ನ ಹಾಗೆ "ಎರಡೂ ಒಂದೇ" ಅಂದ್ಕೊಂಡು ಜಗ್ಗಿನ ಸಂಖ್ಯೆಯನ್ನೇ ಒತ್ತಡಕ್ಕೂ ಹಾಕಿದರೆ, ಕಾಗದದಲ್ಲಿ ಸೋಲದ ಅಂಚು ಎಂಜಿನ್ನಿನಲ್ಲಿ ಸೋಲ್ತದೆ.

ಅಂಚಿನ ದಿಕ್ಕನ್ನೇ ಆರಿಸೋದಕ್ಕೆ ಇನ್ನೊಂದು ಕಾರಣ ಇದೇ. ಆ ದಿಕ್ಕಿನಲ್ಲಿ ಹರಳು ಹೆಚ್ಚು ಬಳುಕ್ತದೆ, ಹೀಗಾಗಿ ಬಿಸಿಗೆ ಹುಟ್ಟೋ ಈ ಒತ್ತಾಟ ಕಡಿಮೆ. ದಿಕ್ಕು ಹತ್ತು ಹದಿನೈದು ಡಿಗ್ರಿಗಿಂತ ಹೆಚ್ಚು ಓರೆಯಾದ ಬ್ಲೇಡನ್ನ ಎಕ್ಸ್‌ರೇಯಲ್ಲಿ ನೋಡಿ ಪಕ್ಕಕ್ಕೆ ಎಸೀತಾರೆ. ನೋಡೋಕೆ ಎರಡೂ ಒಂದೇ ಥರ ಇರ್ತವೆ, ಎಸೆಯೋನಿಗೆ ಹೊಟ್ಟೆ ಉರೀಬೇಕು.

ಇನ್ನೂ ಬಿಸಿಯಲ್ಲಿ, 900 ದಾಟಿ, ಬಹಳ ಹೊತ್ತು ಹೊರೆ ಹೊತ್ತರೆ ಇನ್ನೊಂದು ನಡೀತದೆ. 1971ರಲ್ಲೇ ಟಿಯನ್ ಮತ್ತು ಕೋಪ್ಲೆ ಕಂಡದ್ದು. ಗೋಡೆಯ ಇಟ್ಟಿಗೆಗಳು ಒಂದಕ್ಕೊಂದು ಕೂಡಿಕೊಂಡು ಆಕಾರ ಬದಲಿಸ್ತವೆ. ಸಾಮಾನ್ಯವಾಗಿ ಬ್ಲೇಡಿಗೆ ಬಳಸೋ ಮಿಶ್ರಲೋಹಗಳಲ್ಲಿ, ಜಗ್ಗಿದರೆ ಜಗ್ಗಿಗೆ ಅಡ್ಡಲಾಗಿ ಹಲಗೆಗಳಾಗ್ತವೆ. ಒತ್ತಿದರೆ ಒತ್ತಿನ ಗುಂಟ ಕಂಬಗಳಾಗ್ತವೆ. ಹಳೇ ಬ್ಲೇಡನ್ನ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಮೂಲೆ ಜಗ್ಗಿಸಿಕೊಂಡಿತ್ತು, ಯಾವ ಮೂಲೆ ಒತ್ತಿಸಿಕೊಂಡಿತ್ತು ಅನ್ನೋದು ಕೈಬರಹದ ಹಾಗೆ ಅಲ್ಲೇ ಇರ್ತದೆ.

ಈಗ ಬೆಂಗಳೂರು. ಎಚ್‌ಎಎಲ್‌ನ ಎಂಜಿನ್ ವಿಭಾಗ ಶುರುವಾಗಿದ್ದು 1957ರಲ್ಲಿ, ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನನ್ನ ಲೈಸೆನ್ಸ್ ಮೇಲೆ ಮಾಡೋಕೆ. ಹೌದು, ವೆಸ್ಟ್‌ಬ್ರೂಕ್ ಆ ವಿಚಿತ್ರ ಕಂಡ ಅದೇ ವರ್ಷ. 1961ರ ಜೂನ್ 17ರಂದು ಕುರ್ಟ್ ಟ್ಯಾಂಕ್ ವಿನ್ಯಾಸದ ಮಾರುತ್ ಬೆಂಗಳೂರಿನಲ್ಲಿ ಹಾರಿತು. ಮೈಕಟ್ಟು ಚೆಂದ, ಶಬ್ದದ ವೇಗ ಮೀರೋಕೆ ಅಂತಲೇ ಮಾಡಿದ್ದು. ಅದಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ, ಸಣ್ಣ ಆರ್ಫಿಯಸ್ ಎರಡು ಹಾಕ್ಕೊಂಡೇ ಸೇವೆ ಮುಗಿಸಿತು. ಅದೇ 1961ರಲ್ಲಿ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಜಿಟಿಆರ್‌ಇ, ಕಾನ್ಪುರದಿಂದ ಬೆಂಗಳೂರಿಗೆ ಬಂತು. 1989ರಲ್ಲಿ ಅದಕ್ಕೆ ಕಾವೇರಿ ಎಂಜಿನ್ನಿನ ಕೆಲಸ ಮಂಜೂರಾಯ್ತು, ತೇಜಸ್ ವಿಮಾನಕ್ಕಾಗಿ. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿದ್ದು ಅಮೆರಿಕದ ಎಂಜಿನ್ ಹೊತ್ತು. ಕಾವೇರಿಯಿಂದ ಬೇಕಿದ್ದದ್ದು 81 ಕಿಲೋನ್ಯೂಟನ್ ನೂಕುಬಲ, ಬಂದದ್ದು ಸುಮಾರು 70. 2008ರ ಹೊತ್ತಿಗೆ ಎರಡನ್ನೂ ಬೇರೆ ಮಾಡಿದರು.

ಎಲ್ಲಾ ತಪ್ಪನ್ನ ಬ್ಲೇಡಿನ ತಲೆಗೆ ಕಟ್ಟೋದು ನ್ಯಾಯವಲ್ಲ, ತೂಕ ಹೆಚ್ಚಾಗಿತ್ತು, ಬೇರೆ ತೊಡಕೂ ಇದ್ದವು. ಆದರೆ ಕಾವೇರಿಯ ಬ್ಲೇಡುಗಳು ಕಬ್ಬಿನ ಜಲ್ಲೆ ಜಾತಿಯವು, ಒಂದೇ ಹರಳಿನವಲ್ಲ. ಬಿಸಿ ಏರಿಸೋಕೆ ಅಲ್ಲೊಂದು ಬೇಲಿ ಇತ್ತು.

ನನಗೆ ಕಾಡೋದು ಇದು. ಇಲ್ಲಿಯವರೆಗೆ ಹೇಳಿದ ವಿಜ್ಞಾನದಲ್ಲಿ ಗುಟ್ಟೇನೂ ಇಲ್ಲ. 1962, 1979, 1982, 1984, ಎಲ್ಲಾ ಅಚ್ಚಾದ ಪ್ರಬಂಧಗಳು. ಬೆಂಗಳೂರಿನ ಐಐಎಸ್ಸಿಯಲ್ಲಿ 1945ರಿಂದ ಲೋಹಶಾಸ್ತ್ರ ವಿಭಾಗ ಇದೆ. ಓದೋರಿಗೆ, ಅರ್ಥ ಮಾಡ್ಕೊಳ್ಳೋರಿಗೆ ಬರ ಇರಲಿಲ್ಲ. ಆದರೆ ಪ್ರಬಂಧದಲ್ಲಿ ಸಿಗೋದು ಕಾರಣ. ನಮ್ಮ ಮಿಶ್ರಲೋಹ, ನಮ್ಮ ಕುಲುಮೆ, ನಮ್ಮ ಅಚ್ಚಿನಿಂದ ಬಂದ ಹರಳು ಯಾವ ಬಿಸಿಗೆ, ಯಾವ ದಿಕ್ಕಿಗೆ, ಜಗ್ಗಿದರೆ ಎಷ್ಟು, ಒತ್ತಿದರೆ ಎಷ್ಟು ಅನ್ನೋ ಸಂಖ್ಯೆ ಅಲ್ಲಿ ಸಿಗಲ್ಲ. ಅದನ್ನ ಒಂದೊಂದು ಸರಳು ಎರಕ ಹೊಯ್ದು, ಕಾಯಿಸಿ, ಮುರಿದು ನಾವೇ ಕಟ್ಟಿಕೊಳ್ಳಬೇಕು. ಕಂಪನಿಗಳು ಲೈಸೆನ್ಸ್ ಕೊಡುವಾಗ ಡ್ರಾಯಿಂಗ್ ಕೊಟ್ಟಾವು, ಈ ಪಟ್ಟಿ ಕೊಡೋಕೆ ಕೈ ಬರಲ್ಲ. ಅದು ಅವರ ಮನೆತನದ ಆಸ್ತಿ. ಆದ್ದರಿಂದಲೇ 2021ರ ಆ 60 ಬ್ಲೇಡನ್ನ ನಾನು ಸಣ್ಣ ಸುದ್ದಿ ಅಂತ ಒಪ್ಪಲ್ಲ.

ಹಾಂ, ಐಐಎಸ್ಸಿ ಅಂದೆನಲ್ಲ. ಅಲ್ಲಿ ಕಾಮಾನಿಯೊ ಚಟ್ಟೋಪಾಧ್ಯಾಯ ಅವರ ತಂಡ 2015ರಲ್ಲಿ ಟಂಗ್‌ಸ್ಟನ್ ಇಲ್ಲದ ಕೋಬಾಲ್ಟ್ ಸೂಪರ್‌ಅಲಾಯ್ ಪ್ರಕಟಿಸಿತು. ನಿಕಲ್ ಬದಲು ಕೋಬಾಲ್ಟಿನ ಗೋಡೆ, ಇಟ್ಟಿಗೆಯ ರಂಗೋಲಿ ಮಾತ್ರ ಅದೇ ನಮೂನೆ. ಅಂದ್ರೆ ಅಲ್ಲೂ ಸುಕ್ಕುಗಳು ಜೋಡಿಯಾಗಿಯೇ ನಡೀಬೇಕು, ಅಲ್ಲೂ ಕಾಕಾನ ಪ್ರಶ್ನೆ ಹೊಸದಾಗಿ ಕೇಳಬೇಕು.

ಇದೆಲ್ಲಾ ಓದಿ ಮುಗಿಸಿದ ಮೇಲೆ ಒಂದು ಭಾನುವಾರ ಕಾಕಾ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. "ಕಾಕಾ, ಅವತ್ತು ತಪ್ಪು ಹೇಳಿದ್ದೆ. ಎರಡೂ ಒಂದೇ ಅಲ್ಲ." ದಾಳದ ಅಂಚು, ಗಣಪತ್ ಗಲ್ಲಿಯ ಜೋಡಿ, ಎಂಜಿನ್ ಶುರುವಾದಾಗಿನ ಒತ್ತು, ಎಲ್ಲಾ ಹೇಳಿದೆ. ಕಾಕಾ ಸುಮ್ಮನೆ ಕೇಳಿದರು. ಫೌಂಡ್ರಿಯಲ್ಲಿ ಒಂದು ಹೊಯ್ತಕ್ಕೆ ಒಂದು ಟೆಸ್ಟ್ ಬಾರ್ ತೆಗೆದಿಡೋ ರೂಢಿ.

"ಹಂಗಾರ ಟೆಸ್ಟ್ ಬಾರ್ ಎರಡ ಬೇಕಲ್ಲೋ," ಅಂದರು.

"ಎರಡಲ್ಲ ಕಾಕಾ, ದಿಕ್ಕಿಗೆ ಎರಡು. ಅದೂ ಬಿಸಿ ಬಿಸಿಗೆ ಬೇರೆ."

ಕಾಕಾ ಬೆರಳು ಮಡಚಿ ಎಣಿಸೋಕೆ ಶುರು ಮಾಡಿದರು, ಒಂದು ಕೈ ಮುಗೀತು, ಇನ್ನೊಂದು ಕೈಗೆ ಬಂದರು.